ನಾಲ್ಕನೇ ರೀಲು

ಧಾರವಾಡದಲ್ಲಿ ನಮ್ಮ ಓಣಿಯ ಹತ್ತಿರ ಹಳೆಯ ಸಿನಿಮಾ ತೋರಿಸುವ ಹುಡುಗ-ಹುಡುಗಿಯರ ಒಂದು ಗುಂಪಿದೆ. ತಿಂಗಳಿಗೊಂದು ಭಾನುವಾರ ಒಂದು ಸಭಾಗೃಹದ ಕಿಟಕಿಗಳಿಗೆ ಕರಿ ಬಟ್ಟೆ ಕಟ್ಟಿ, ಪರದೆ ಇಳಿಬಿಟ್ಟು ಚಿತ್ರ ಹಾಕುತ್ತಾರೆ. ನಿವೃತ್ತನಾದ ಮೇಲೆ ನನಗೂ ಹೊತ್ತು ಹೋಗಬೇಕಲ್ಲ, ಹೋಗಿ ಹಿಂದಿನ ಕುರ್ಚಿ ಹಿಡಿಯುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತು, ಇವತ್ತಿನದು ಕಲ್ಟ್ ಸಿನಿಮಾ, ಬಂದ ಕಾಲಕ್ಕೆ ಯಾರೂ ನೋಡಲಿಲ್ಲ, ಅದರಲ್ಲೂ ಮುದುಕ ಹಗ್ಗ ಹೊಸೆಯುವ ದೃಶ್ಯವನ್ನು ಕಣ್ಣು ಮಿಟುಕಿಸದೆ ನೋಡಿ ಅಂದಳು. ಪುಂಡಿ ನಾರಿನ ವಾಸನೆ ಮೂಗಿಗೆ ಬಂತು. ಪುಂಡಿಯ ಕಡ್ಡಿಯನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ ನಾರು ಬಿಡಿಸುತ್ತಾರೆ, ಆ ಕೊಳೆತ ವಾಸನೆ ಒಣಗಿದ ಹಗ್ಗದಲ್ಲೂ ಬಹಳ ದಿನ ಉಳಿಯುತ್ತದೆ. ಆ ಸಭಾಗೃಹದಲ್ಲಿ ಎಲ್ಲಿಯ ಪುಂಡಿ, ಎಲ್ಲಿಯ ಹಳ್ಳ! ವಾಸನೆ ಇದ್ದದ್ದು ನನ್ನೊಳಗೇ.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ರಾಮದುರ್ಗದ ತಾಲೂಕು ಕಚೇರಿಗೆ ನಾನು ಗುಮಾಸ್ತನಾಗಿ ಹೋಗಿ ಐದಾರು ತಿಂಗಳಾಗಿತ್ತು. ವಯಸ್ಸು ಇಪ್ಪತ್ಮೂರು. ನಮ್ಮ ತಂದೆ ಪುರಾಣ ಹೇಳುವವರು. ಮನೆಯಲ್ಲಿ ಸಿನಿಮಾದ ಹೆಸರೆತ್ತಿದರೆ ಇನ್ನೊಮ್ಮೆ ಸ್ನಾನ ಮಾಡು ಅನ್ನುವಂಥ ಮಡಿ. ಅಂಥ ಮನೆಯಿಂದ ಬಿಡುಗಡೆಯಾಗಿ ಬಂದವನು ನಾನು, ಕೇಳಬೇಕೆ? ಅಗಲ ಪಾದದ ಬೆಲ್‌ಬಾಟಮ್ ಹೊಲಿಸಿದೆ, ಕೆನ್ನೆಯ ಅರ್ಧದವರೆಗೆ ಕೂದಲು ಬಿಟ್ಟೆ, ಸಿನಿಮಾ ಪತ್ರಿಕೆಗಳನ್ನು ಬೈಲಹೊಂಗಲದ ಬಸ್ಸಿನಲ್ಲಿ ತರಿಸಿಕೊಂಡು ಓದಿದೆ. ತಂದೆ ದೇವರ ಪುರಾಣ ಹೇಳಿದರೆ ನಾನು ಚಹಾದಂಗಡಿಯ ಉದ್ದನೆಯ ಮರದ ಬಾಕಿನ ಮೇಲೆ ಕುಳಿತು ಸಿನಿಮಾ ಪುರಾಣ ಹೇಳಿದೆ.

ನನ್ನ ಅಭಿಪ್ರಾಯಗಳೆಲ್ಲ ಒಂದೊಂದು ಸಾಲಿನವು. ಹೀರೋ ಹತ್ತು ಮಂದಿಯನ್ನು ಹೊಡೆದ ಮೇಲೂ ಅವನ ಬೈತಲೆ ಕೆಡದಿದ್ದರೆ ಅದು ಹೊಡೆದಾಟದ ಸಿನಿಮಾ ಅಲ್ಲ, ಎಣ್ಣೆಯ ಜಾಹೀರಾತು. ತಾಯಿ ಹೊಲಿಗೆ ಮಷೀನಿನ ಮುಂದೆ ಕುಳಿತಳೆಂದರೆ ಇಬ್ಬರು ಮಕ್ಕಳಲ್ಲಿ ಒಬ್ಬ ಪೊಲೀಸ, ಒಬ್ಬ ಕಳ್ಳ, ಮುಂದಿನದನ್ನು ಮನೆಯಲ್ಲೇ ಊಹಿಸಿಕೊಳ್ಳಿ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಂತೆಗೆ ಬಂದವರು ಟಾಕೀಸಿಗೆ ಹೋಗುವ ಮೊದಲು, 'ರಾಯರು ಏನಂದಾರ?' ಎಂದು ಕೇಳಿಕೊಂಡು ಹೋಗುವ ಮಟ್ಟಕ್ಕೆ ಬಂತು. ನನಗೆ ಏರಿದ ಸೊಕ್ಕು ಅಷ್ಟಿಷ್ಟಲ್ಲ.

ಊರಲ್ಲಿ ತಗಡಿನ ಟಾಕೀಸು ಒಂದಿತ್ತು. ಅದರ ಆಪರೇಟರ್ ಮೌಲಾಸಾಬ ನನ್ನ ಗೆಳೆಯನಾಗಿದ್ದ. ರಜೆಯ ದಿನ ಮಧ್ಯಾಹ್ನದ ಆಟಕ್ಕೆ ಕಬ್ಬಿಣದ ಮೆಟ್ಟಿಲು ಹತ್ತಿ ಅವನ ಕೋಣೆಗೆ ಹೋಗಿ, ಮಷೀನಿನ ಪಕ್ಕದ ಕಿಂಡಿಯಿಂದ ಪುಕ್ಕಟೆ ಸಿನಿಮಾ ನೋಡುತ್ತಿದ್ದೆ. ಒಂದು ಸಿನಿಮಾ ಎಂದರೆ ಹದಿಮೂರೋ ಹದಿನಾಲ್ಕೋ ರೀಲು, ಒಂದೊಂದು ರೀಲಿಗೆ ಒಂದೊಂದು ತಗಡಿನ ಡಬ್ಬಿ. ಅದೇ ಡಬ್ಬಿಗಳು ರಾಮದುರ್ಗ ಮುಗಿಸಿ ಬಸ್ಸಿನ ಮೇಲೆ ಸವದತ್ತಿಗೆ, ಅಲ್ಲಿಂದ ಬೈಲಹೊಂಗಲಕ್ಕೆ, ಕಿತ್ತೂರಿಗೆ ಹೋಗುತ್ತಿದ್ದವು. ಆಪರೇಟರುಗಳು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೆ ಡಬ್ಬಿಯ ಮುಚ್ಚಳದೊಳಗೆ ಒಬ್ಬರಿಗೊಬ್ಬರು ಚೀಟಿ ಇಡುವ ಪದ್ಧತಿ ಇತ್ತು: ಆರನೇ ರೀಲಿನಲ್ಲಿ ಜೋಡಣೆ ಸಡಿಲಾಗಿದೆ, ಒಂಬತ್ತನೆಯದರ ಅಂಚು ಹರಿದಿದೆ, ಹೀಗೆ. ಮೌಲಾಸಾಬನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅವನ ಚೀಟಿಗಳನ್ನು ನಾನೇ ಬರೆಯುತ್ತಿದ್ದೆ, ಬರೆಯುವಾಗ ನನ್ನದೂ ಒಂದು ಸಾಲು ಸೇರಿಸುತ್ತಿದ್ದೆ: ಇಂಥ ಹಾಡು ಉದ್ದವಾಯಿತು, ಇಂಥ ರೀಲು ಬಿಟ್ಟರೂ ನಡೆಯುತ್ತದೆ. ಮುಂದಿನ ಊರವರು ಅದರಂತೆಯೇ ಮಾಡುತ್ತಾರೆಂದು ತಿಳಿದಾಗ ಹಿಗ್ಗಿ ಹೀರೇಕಾಯಿಯಾದೆ. ಪತ್ರಿಕೆಗಳು ನನ್ನ ಒಂದಕ್ಷರವನ್ನೂ ಅಚ್ಚು ಹಾಕಿರಲಿಲ್ಲ. ಆದರೂ ನಾನು ವಿಮರ್ಶಕನಾಗಿದ್ದೆ.

ಎಳ್ಳಮಾಸಿ ಹಬ್ಬ ಮುಗಿದ ವಾರ ಆ ಕಪ್ಪು-ಬಿಳುಪು ಚಿತ್ರ ಬಂತು. ಹಾಡಿಲ್ಲ, ಹೊಡೆದಾಟವಿಲ್ಲ. ಊರು ಬಿಟ್ಟು ಹೋಗಿದ್ದವನೊಬ್ಬ ತಿರುಗಿ ಬಂದು ಸುಮ್ಮನೆ ಅಡ್ಡಾಡುತ್ತಾನೆ. ಶುಕ್ರವಾರ ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮಧ್ಯಾಹ್ನದ ಆಟದಲ್ಲಿ ನಾಲ್ಕನೇ ರೀಲು ಶುರುವಾಯಿತು. ಎರಡು ಸುಕ್ಕುಗಟ್ಟಿದ ಕೈಗಳು. ಕೈಗಳಲ್ಲಿ ನಾರು. ಯಾರೋ ಕಲ್ಲಿನ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದಾನೆ. ಹೊಸೆಯುತ್ತಾನೆ, ಹೊಸೆಯುತ್ತಲೇ ಇರುತ್ತಾನೆ. ಕೆಳಗೆ ಸಿಳ್ಳೆ ಶುರುವಾಯಿತು, ಬಾಕು ಬಡಿಯುವ ಸದ್ದು ಬಂತು. ನಾನು ಕಿಂಡಿಗೆ ಬೆನ್ನು ತಿರುಗಿಸಿ ಮೌಲಾಸಾಬನ ಜೊತೆ ನಗುತ್ತ ನಿಂತೆ. ಟಾಕೀಸಿನ ಮಾಲಕರು ಏದುಸಿರು ಬಿಡುತ್ತ ಮೇಲೆ ಬಂದರು.

"ಏನ್ ಮಾಡೂದ್ರಿ ರಾಯರ? ಮಂದಿ ಬಾಕ ಮುರ್ಯಾಕ ಹತ್ಯಾರ!"

"ಆ ರೀಲ ತಗದ ಬಿಡ್ರಿ, ಹೋಗ್ಲಿ," ಅಂದೆ. "ಹಗ್ಗ ಅವಂದು, ಕುತಗಿ ನಮ್ಮದು ಅಂದ್ರ ಹ್ಯಾಂಗ?"

ಮಾಲಕರು ನಕ್ಕರು, ಮೌಲಾಸಾಬನೂ ನಕ್ಕ. ಸಂಜೆಯ ಆಟದಿಂದ ನಾಲ್ಕನೇ ರೀಲು ಡಬ್ಬಿಯಲ್ಲೇ ಉಳಿಯಿತು. ಮರುದಿನ ಚಹಾದಂಗಡಿಯಲ್ಲಿ ನನ್ನ ಮಾತು ನನಗಿಂತ ಮೊದಲೇ ಬಂದು ಕುಳಿತಿತ್ತು. ಮುಂದಿನ ಊರಿಗೆ ಹೋಗುವ ಚೀಟಿಯನ್ನೂ ಅವತ್ತೇ ಬರೆದಿಟ್ಟೆ: 'ನಾಲ್ಕನೇ ರೀಲು ಹಾಕಬೇಡಿ. ಮುದುಕನೊಬ್ಬ ಹಗ್ಗ ಹೊಸೆಯುತ್ತಾನೆ. ಹಗ್ಗ ಅವನದು, ಕುತ್ತಿಗೆ ನಮ್ಮದು.' ಅಕ್ಷರ ದುಂಡಗೆ, ಮುತ್ತಿನ ಹಾಗೆ. ನನ್ನ ಅಕ್ಷರವನ್ನು ಕಚೇರಿಯಲ್ಲೂ ಹೊಗಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಟಾಕೀಸಿನ ಮುಂದೆ ಎರಡು ಚಕ್ಕಡಿ ನಿಂತಿದ್ದವು. ನಾನು ಬರುವಷ್ಟರಲ್ಲಿ ಆಟ ಶುರುವಾಗಿತ್ತು. ಕಿಂಡಿಯಿಂದ ನೋಡಿದರೆ ಮುಂದಿನ ಸಾಲುಗಳಲ್ಲಿ ಒಂದೇ ಹಳ್ಳಿಯ ಮೂವತ್ತು ನಲವತ್ತು ಮಂದಿ, ನಡುವೆ ಒಂದು ಹಳದಿ ರುಮಾಲು. ಸಿಳ್ಳೆ ಇಲ್ಲ, ಗದ್ದಲ ಇಲ್ಲ. ಮಧ್ಯಂತರದಲ್ಲಿ ಚಹಾಕ್ಕೆಂದು ಕೆಳಗಿಳಿದಾಗ ಆ ರುಮಾಲಿನ ಸುತ್ತ ಜನ ನೆರೆದಿದ್ದರು. ಅರವತ್ತರ ಆಸುಪಾಸಿನ ಮನುಷ್ಯ, ಹೊಸ ಧೋತರ, ಹಣೆ ತುಂಬ ವಿಭೂತಿ. ಕಟಕೋಳದ ಸಂಗಪ್ಪ ಎಂದು ಆಮೇಲೆ ತಿಳಿಯಿತು.

"ಪಡದೇದ ಮ್ಯಾಲ ಯಾವಾಗ ಬರತೀ ಮಾವಾ, ಅರ್ಧಾ ಮುಗೀತಲ್ಲ?" ಎಂದು ಒಬ್ಬ ಕಾಡಿಸುತ್ತಿದ್ದ.

"ಬರತೇನಿ ತಡೀಪಾ. ಬೆಂಗಳೂರವ್ರು ನಮ್ಮ ಹೊಲಕ್ಕ ಬಂದು ಮೂರ ದಿನಾ ಹಗ್ಗ ಹೊಸಿಸ್ಯಾರ. ಸುಮ್ನ ಬಿಡತಾರೇನು?"

ಅವನ ಮಗಳು ನೀಲವ್ವ ಹೊಸ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ, ತನ್ನ ಅತ್ತೆಯ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಬೀಗರನ್ನೂ ಕರೆದುಕೊಂಡು ಬಂದಿದ್ದರು. ನಾಲ್ಕನೇ ರೀಲಿನ ಆ ಕೈಗಳು ಇವನವೇ ಎಂದು ಆಗ ಹೊಳೆಯಿತು. ಮೆಟ್ಟಿಲು ಹತ್ತಿ ಓಡಿದೆ.

ಮೌಲಾಸಾಬ ಕೇಳಿದವನೇ ಎದ್ದು ನಾಲ್ಕನೇ ಡಬ್ಬಿ ತೆಗೆದ. "ಯಾ ಅಲ್ಲಾ! ಈಗ ಹಚ್ಚಲೇನ್ರಿ ರಾಯರ? ಮಾಲಕರು ಕೆಳಗದಾರ, ನೀವ ಒಂದ ಮಾತ ಕೇಳಿ ಬರ್ರಿ. ನಿಮ್ಮ ಮಾತ ತಗ್ಯಾಂಗಿಲ್ಲ ಅವ್ರು."

ಹೋಗಿ ಕೇಳಬಹುದಿತ್ತು. ಹತ್ತು ಮೆಟ್ಟಿಲು. ಆದರೆ ಎರಡು ದಿನದ ಹಿಂದೆ ಊರೆಲ್ಲ ನಗಿಸಿದ ಮಾತನ್ನು ನಾನೇ ವಾಪಸು ತೆಗೆದುಕೊಳ್ಳಬೇಕಿತ್ತು. ಆಗ ನನ್ನ ಬಾಯಿಂದ ಬಂದದ್ದು ಹೀಗೆ: "ಇರ್ಲಿ ಬಿಡ್ರಿ ಮೌಲಾಸಾಬ್. ನಡುವ ತಂದು ಹಚ್ಚಿದ್ರ ಕಥಿ ಕೆಡ್ತದ."

ಕಥೆ ಕೆಡುತ್ತದಂತೆ! ಆ ಹೊತ್ತಿನಲ್ಲೂ ವಿಮರ್ಶೆ. ಮೌಲಾಸಾಬ ನನ್ನನ್ನು ಒಂದು ಗಳಿಗೆ ನೋಡಿದ, ಡಬ್ಬಿ ಮುಚ್ಚಿದ, ಎಂಟನೇ ರೀಲು ಹಚ್ಚಿದ.

ಆಟ ಮುಗಿದ ಮೇಲೆ ನಗೆ ಶುರುವಾಯಿತು. ಕೆಟ್ಟ ನಗೆ ಏನಲ್ಲ, ನಮ್ಮ ಹಳ್ಳಿಗಳ ಚೇಷ್ಟೆಯ ನಗೆ. 'ಸಿನಿಮಾ ಸಂಗಪ್ಪಾ, ಎಲ್ಲಿ ಅಡಗಿ ಕುಂತಿದ್ದಿ?' 'ಕಲ್ಲಿನ ಹಿಂದ ಇದ್ದನೇನ ಬಿಡೋ.' ನೀಲವ್ವನ ಅತ್ತೆ ಮಾತ್ರ ನಗಲಿಲ್ಲ, ಮುಖ ತಿರುಗಿಸಿಕೊಂಡು ಚಕ್ಕಡಿ ಏರಿದಳು. ಸಂಗಪ್ಪಜ್ಜ ಎಲ್ಲರನ್ನೂ ಬಿಟ್ಟು ಕಬ್ಬಿಣದ ಮೆಟ್ಟಿಲು ಹತ್ತಿ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಗುಡಿಗೆ ಬಂದವರ ಹಾಗೆ.

"ಸಾಹೇಬ್ರ, ಎಲ್ಲಾ ತೋರಿಸಿದ್ರೇನ್ರಿ? ಏನರ ಉಳದೈತೇನು?"

ಮೌಲಾಸಾಬ ತಲೆ ತಗ್ಗಿಸಿ ಮಷೀನು ಒರೆಸುತ್ತಿದ್ದ. ನಾನೇ ಹೇಳಿದೆ: "ಎಲ್ಲಾ ತೋರಿಸ್ಯಾರ್ರಿ ಅಜ್ಜಾರ. ಏನೂ ಉಳದಿಲ್ಲ."

"ಹಂಗಾರ ಈ ಊರಿನ ಸಿನಿಮಾ ಪೆಟಗಿ ಬ್ಯಾರೆ ಇರಬೇಕ್ರಿ," ಅಂದ ಅಜ್ಜ. "ಮುಂದಿನ ಊರಾಗ ನೋಡತೇನಿ." ಅವನನ್ನು ಕೆಳಗೆ ಕರೆದೊಯ್ದು ಚಹಾ ಕುಡಿಸಿದೆ. ಸಾಹೇಬರು ಎಷ್ಟು ಸಂಭಾವಿತರು ಅಂದುಕೊಂಡಿರಬೇಕು. ಅವತ್ತಿನಿಂದ ಕಚೇರಿಯ ಕಡೆ ಬಂದಾಗಲೆಲ್ಲ ನನ್ನನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ.

ಆ ಚಳಿಗಾಲವೆಲ್ಲ ಸಂಗಪ್ಪಜ್ಜ ಆ ಸಿನಿಮಾದ ಹಿಂದೆ ತಿರುಗಿದ. ಬಿಳಿಜೋಳ ಹೊಲದಲ್ಲಿ ಎದೆಮಟ್ಟ ನಿಂತಿತ್ತು, ಮುಂಜಾವಿನ ಇಬ್ಬನಿಗೆ ಬಸ್ಸಿನ ಗಾಜು ಒದ್ದೆಯಾಗಿರುತ್ತಿತ್ತು. ಒಬ್ಬನೇ ಸವದತ್ತಿಗೆ ಹೋದ. ಅಲ್ಲಿ ನನ್ನ ಚೀಟಿ ಅವನಿಗಿಂತ ಮೊದಲೇ ಹೋಗಿತ್ತು. ಬೈಲಹೊಂಗಲದಲ್ಲಿ ಹತ್ತಿ ತುಂಬಿದ ಚಕ್ಕಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಒಂದೇ ದಿನ ಎರಡು ಆಟ ನೋಡಿದನಂತೆ, ಮೊದಲಿನದರಲ್ಲಿ ಕಣ್ಣು ತಪ್ಪಿತೇನೋ ಎಂದು. ಇದನ್ನೆಲ್ಲ ನನಗೆ ಅವನೇ ಹೇಳುತ್ತಿದ್ದ. ನಾನು 'ಹೌದಾ? ಅಯ್ಯಯ್ಯ' ಅನ್ನುತ್ತ ಕೇಳುತ್ತಿದ್ದೆ. ರಾತ್ರಿ ಊಟ ಸೇರುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸೇರುತ್ತಿತ್ತು. ಆದರೆ ಚಹಾದಂಗಡಿಗೆ ಹೋಗುವುದನ್ನು ಬಿಟ್ಟೆ.

ಶಿವರಾತ್ರಿಯ ಹಿಂದುಮುಂದು ಇರಬೇಕು, ಕಟಕೋಳದ ಒಂದು ಹದ್ದಿನ ತಕರಾರು ಕಚೇರಿಗೆ ಬಂತು. ಅಣ್ಣ ತಮ್ಮಂದಿರ ಹೊಲದ ನಡುವಿನ ಕಲ್ಲು ಸರಿದಿತ್ತು. ಸರಿಸಿದವನು ಅಣ್ಣ ಎಂದು ತಮ್ಮನ ದೂರು. ತಮ್ಮನ ಪರ ಸಾಕ್ಷಿ ಸಂಗಪ್ಪ. ಆ ಊರಿನ ಯಾವ ಹೊಲದ ಕಲ್ಲು ಎಲ್ಲಿತ್ತು ಅನ್ನುವುದರಲ್ಲಿ ಸಂಗಪ್ಪನ ಮಾತಿಗೆ ಎದುರು ಮಾತಿರಲಿಲ್ಲ, ಅವನ ಅಪ್ಪನ ಕಾಲದಿಂದ ಹಾಗೇ ನಡೆದಿತ್ತು. ಹೇಳಿಕೆ ಬರೆದುಕೊಳ್ಳಲು ತಹಶೀಲ್ದಾರ ಸಾಹೇಬರ ಮೇಜಿನ ಪಕ್ಕ ನಾನೇ ಕುಳಿತಿದ್ದೆ. ಅಜ್ಜ ಬಾಯಿ ತೆರೆಯುವ ಮೊದಲೇ ಅಣ್ಣನಾದವನು ನಕ್ಕ.

"ಸಾಹೇಬ್ರ, ಇಂವಾ ಸಿನಿಮಾದಾಗ ಅದೇನಿ ಅಂತ ಹೇಳಿ ಊರ ಮಂದೀನ ಚಕ್ಕಡಿ ಕಟ್ಟಿಸಿ ಕರಕೊಂಡ ಬಂದಾಂವ್ರಿ. ಪಡದೇದ ಮ್ಯಾಲ ಇಂವನ ನೆಳ್ಳ ಸೈತ ಬೀಳಲಿಲ್ಲ. ಇಂವನ ಕಲ್ಲಿನ ಮಾತ ನಂಬತೀರೇನ್ರಿ?"

ಸುತ್ತ ನಿಂತವರು ನಕ್ಕರು. ಸಾಹೇಬರ ಮೀಸೆಯಲ್ಲೂ ನಗು ಆಡಿತು. ಅಜ್ಜ ನನ್ನ ಕಡೆ ನೋಡಿದ. ಸಹಾಯ ಬೇಡಿ ನೋಡಲಿಲ್ಲ. ಗುರುತಿನ ಮುಖ ಎಂದು ನೋಡಿದ, ಅಷ್ಟೆ. ನಾನು ಎದ್ದು, 'ಸಾಹೇಬ್ರ, ಆ ಸಿನಿಮಾದಾಗ ಇವರಿದ್ದಾರ, ತಗಸಿದಾಂವ ನಾನ' ಎಂದರೆ ಮುಗಿಯುತ್ತಿತ್ತು. ಇಷ್ಟೇ ಮಾತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಊರಿಗೆಲ್ಲ ಮಾತು ಹಂಚುತ್ತಿದ್ದ ನಾಲಿಗೆ!

"ನನ್ನ ಸಾಕ್ಷಿ ಬ್ಯಾಡ್ರಿ ಹಂಗಾರ," ಅಂದ ಅಜ್ಜ ಕೈಮುಗಿದು. "ನನ್ನಿಂದ ಹುಡುಗನ ಕೆಲಸ ಕೆಡೂದ ಬ್ಯಾಡ."

'ಸಾಕ್ಷಿದಾರನು ಹೇಳಿಕೆ ಕೊಡಲು ಒಪ್ಪಲಿಲ್ಲ' ಎಂದು ಬರೆದೆ. ದುಂಡಗೆ.

ಹೊರಗೆ ಕಚೇರಿಯ ಕಟ್ಟೆಯ ಮೇಲೆ ಅಜ್ಜ ನನಗಾಗಿ ಕಾಯುತ್ತಿದ್ದ. ತೊಡೆಯ ಮೇಲೆ ಹೊಸ ಪುಂಡಿ ಹಗ್ಗದ ಸಿಂಬಿ. "ನಿಮ್ಮ ಹೊರಸು ಜೋತ ಬಿದ್ದೈತಿ ಅಂದಿದ್ರಲ್ಲ, ತಗೋರಿ," ಎಂದು ಕೊಟ್ಟ. ನಾನು ಯಾವಾಗಲೋ ನನ್ನ ಮಂಚದ ಬಗ್ಗೆ ಆಡಿದ ಮಾತನ್ನು ಅವನು ನೆನಪಿಟ್ಟಿದ್ದ. ಆಮೇಲೆ ಅಂಗಿಯ ಒಳಕಿಸೆಯಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದ.

"ಕಿತ್ತೂರಿಗೂ ಹೋಗಿದ್ನಿರಿ. ಅಲ್ಲೂ ಬರಲಿಲ್ಲ. ಮಷೀನ ನಡಸಾಂವನ ಮುಂದ ಅತ್ತ ಬಿಟ್ಟೆರಿ, ನಾಚಿಕಿ ಇಲ್ಲದ. ಅಂವಾ ಇದನ್ನ ಕೊಟ್ಟ. ಯಾಕ ತೋರಿಸಿಲ್ಲ ಅನ್ನೂದು ಇದರಾಗ ಐತಿ, ತಿಳದವ್ರ ಕಡೆ ಓದಿಸಿಕೋ ಅಂದ. ಊರಾಗ ಓದಿಸಿದ್ರ ಮತ್ತೊಂದ ನಗಿ ಆಗ್ತೈತಿ. ನೀವರ ಓದ್ರಿ."

ಬಿಚ್ಚಿದೆ. ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಮುದುಕನೊಬ್ಬ ಹಗ್ಗ ಹೊಸೆಯುತ್ತಾನೆ. ಹಗ್ಗ ಅವನದು, ಕುತ್ತಿಗೆ ನಮ್ಮದು. ಅವನು ಕೊಟ್ಟ ಹಗ್ಗ ನನ್ನ ಎಡಗೈಯಲ್ಲಿತ್ತು.

"ಏನ್ ಬರದಾರ್ರಿ?"

"ಸಿನಿಮಾ ಮಾಡಿದವ್ರ ತಗದಾರಂತ್ರಿ ಅಜ್ಜಾರ," ಅಂದೆ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆ ಭಾಗ ಚಲೋ ಬಂದಿದ್ದಿಲ್ಲಂತ."

ಅಜ್ಜ ತನ್ನ ಎರಡು ಅಂಗೈ ತಿರುಗಿಸಿ ನೋಡಿಕೊಂಡ.

"ಹಗ್ಗ ಚಲೋ ಬಂದಿತ್ತಲ್ರಿ," ಅಂದ. ಆಮೇಲೆ ರುಮಾಲು ಕೊಡವಿ, "ಇರಲಿ. ನೀವ ಓದಿ ಹೇಳಿದ ಮ್ಯಾಲ ಮುಗೀತು," ಎಂದು ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದ. ಚೀಟಿಯನ್ನು ವಾಪಸು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ನನಗೆ ಬೆಳಗಾವಿಗೆ ವರ್ಗವಾಯಿತು. ಹಗ್ಗವನ್ನು ಮಂಚಕ್ಕೆ ಹಾಕಿಸಲು ಕೈ ಬರಲಿಲ್ಲ, ಬಿಸಾಡಲೂ ಧೈರ್ಯವಾಗಲಿಲ್ಲ. ಟ್ರಂಕಿನಲ್ಲಿ ಬಟ್ಟೆಗಳಡಿ ಬಹಳ ವರ್ಷ ಇತ್ತು. ಅಂಗಿ ತೆಗೆದಾಗಲೆಲ್ಲ ಆ ವಾಸನೆ. ಸಿನಿಮಾದ ಬಗ್ಗೆ ಮಾತಾಡುವುದನ್ನೂ ಬಿಟ್ಟೆ. ಯಾರಾದರೂ 'ಹ್ಯಾಂಗಿತ್ತು?' ಎಂದು ಕೇಳಿದರೆ 'ನೀವ ನೋಡ್ರಿ' ಅನ್ನುತ್ತಿದ್ದೆ.

ಧಾರವಾಡದ ಆ ಭಾನುವಾರ ನಾಲ್ಕನೇ ರೀಲು ಪೂರ್ತಿ ನೋಡಿದೆ. ಕೈಗಳು, ನಾರು, ಎಳೆ ಸೇರಿ ಎಳೆ. ಬಹಳ ಹೊತ್ತಿನ ಮೇಲೆ ಕ್ಯಾಮೆರಾ ನಿಧಾನ ಮೇಲೇರಿ ಮುಖ ಕಂಡಿತು. ಆ ಮುಖ ಕಾಣುವ ತನಕ ನಾನು ಅವತ್ತು ಕಿಂಡಿಯಲ್ಲಿ ನಿಂತೇ ಇರಲಿಲ್ಲ. ಅಜ್ಜ ಹೊಸೆದ ಹಗ್ಗವನ್ನು ಎರಡು ಕೈಯಲ್ಲಿ ಜಗ್ಗಿ ನೋಡಿ, ಗಟ್ಟಿಯಾಗಿದೆ ಎಂದು ಗೊತ್ತಾಗಿ, ಯಾರಿಗೋ ಸಣ್ಣಗೆ ನಗುತ್ತಾನೆ. ಹುಡುಗರು ಉಸಿರು ಬಿಗಿಹಿಡಿದು ಕುಳಿತಿದ್ದರು. ಮುಗಿದ ಮೇಲೆ ಕನ್ನಡಕದ ಹುಡುಗಿ ನನ್ನ ಹತ್ತಿರ ಬಂದು ಅಭಿಪ್ರಾಯ ಕೇಳಿದಳು. ನಾನು ಅಭಿಪ್ರಾಯ ಹೇಳಲಿಲ್ಲ, ಆ ಭಾಗವನ್ನು ನನ್ನ ಮೊಬೈಲಿಗೆ ಹಾಕಿಕೊಡು ತಾಯಿ ಎಂದು ಬೇಡಿಕೊಂಡೆ.

ಮರುವಾರ ಕಟಕೋಳಕ್ಕೆ ಹೋದೆ. ಸಂಗಪ್ಪಜ್ಜ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ನೀಲವ್ವ ಗಂಡ ಸತ್ತ ಮೇಲೆ ತವರಿಗೇ ಬಂದು ನೆಲೆಸಿದ್ದಳು. ನನಗಿಂತ ಒಂದೆರಡು ವರ್ಷ ಹಿರಿಯಳಿರಬೇಕು, ಕಣ್ಣಿಗೆ ದಪ್ಪ ಕನ್ನಡಕ. ಪಡಸಾಲೆಯಲ್ಲಿ ಕಂಬಳಿ ಹಾಸಿ, "ಕುಂತ್ಗೋರಿ, ನೀರ ಕುಡೀರಿ," ಅಂದಳು. ಯಾರು, ಎಲ್ಲಿಯವರು ಎಂದು ಕೇಳುವ ಮೊದಲು ಮೊಬೈಲನ್ನು ಅವಳ ಕೈಗೆ ಕೊಟ್ಟು ಹಚ್ಚಿದೆ.

ಮೊದಲು ಕೈಗಳು ಬಂದವು. ಮುಖ ಬರುವ ತನಕ ಅವಳು ಕಾಯಲಿಲ್ಲ. "ಅಪ್ಪಾ," ಅಂದಳು. ಎಡಗೈ ಹೆಬ್ಬೆರಳಿನ ಒಡೆದ ಉಗುರಿನ ಮೇಲೆ ಬೆರಳಿಟ್ಟು, ಇನ್ನೊಮ್ಮೆ, "ನಮ್ಮ ಅಪ್ಪಾರೀ," ಅಂದಳು. ಚಿತ್ರ ನಿಂತಿತು. ಅವಳು ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇಷ್ಟಽ ಏನ್ರೀ? ಭಾಳ ಲಗೂ ಮುಗೀತಲ್ಲ."

ನನಗೆ ದುಃಖ ತಡೆಯಲಾಗಲಿಲ್ಲ. ಅವಳು ನನ್ನ ಕಡೆ ನೋಡದೆಯೇ ಮಾತಾಡುತ್ತ ಹೋದಳು. ಬೀಗರ ಮುಂದೆ ಆದ ಅವಮಾನ, ಅತ್ತೆ ವರ್ಷಗಟ್ಟಲೆ ಆಡಿದ ಮಾತು. "ನಾನೂ ನಂಬಲಿಲ್ಲರೀ. ಸಾಯೂ ಮುಂದ ಮತ್ತ ಅದನ್ನ ತಗದಿದ್ದ. ಸಾಕ ಬಿಡಪಾ, ಇನ್ನರ ಆ ಸುಳ್ಳ ಬಿಡು ಅಂದೆ. ಹೂಂ ಅಂದ, ಗ್ವಾಡಿ ಕಡೆ ಮಾರಿ ಮಾಡಿ ಮಲ್ಕೊಂಡ. ತಾಲೂಕ ಕಚೇರಿ ಸಾಹೇಬ್ರು ಚೀಟಿ ಓದಿ ಹೇಳಿದಾಗಿಂದ ಹಗ್ಗ ಹೊಸೀಲಿಲ್ಲ ಅಂವಾ. ಎತ್ತಿನ ಹಗ್ಗಾನೂ ಸಂತ್ಯಾಗ ತರಸತಿದ್ದ."

"ಆ ಸಾಹೇಬ ನಾನರೀ ನೀಲವ್ವಾರ," ಅಂದೆ. "ಆ ಚೀಟಿ ಬರದಾಂವನೂ ನಾನ. ಇದನ್ನ ತಗಸಿದಾಂವನೂ ನಾನ." ಎಲ್ಲವನ್ನೂ ಹೇಳಿದೆ. ಬೈಯಲಿ, ಎದ್ದು ಹೋಗು ಅನ್ನಲಿ ಎಂದು ಕಾದು ಕುಳಿತೆ. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

"ಅಪ್ಪಗ ಗೊತ್ತಿತ್ತೇನ್ರಿ, ನೀವ ಅಂತ?"

"ಇಲ್ಲರೀ."

"ಚಲೋ ಆತ ಬಿಡ್ರಿ. ನಿಮ್ಮನ್ನ ಭಾಳ ನಂಬಿದ್ದ."

ಇನ್ನೇನೋ ಹೇಳಲು ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು, ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಇನ್ನೊಮ್ಮೆ ಹಚ್ಚರಿ. ಮುಗಿಯೂ ತನಕ ನೀವೇನೂ ಮಾತಾಡಬ್ಯಾಡ್ರಿ."

ಹಚ್ಚಿದೆ.